ಬ್ಯಾಂಡು ಮಂಜು ನುಡಿಸಲು ಹೊರಟಾಗ

ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನ ಮರ್ಯಾದೆ ಹೋಗೋದಕ್ಕೆ ವಿಶೇಷ ಸಂದರ್ಭವೇನೂ ಬೇಕಿಲ್ಲ. ತೊಂಬತ್ತರ ದಶಕದಲ್ಲಿ ಮೂಡಿಗೆರೆಯಲ್ಲಿ ನಾವು ಮೂವರು ಹುಡುಗರು ಕಿವಿಗಡಚಿಕ್ಕುವ ಮೆಟಲ್ ಬ್ಯಾಂಡ್ ಕಟ್ಟಿದ್ದೆವು. ಡ್ರಮ್ಸ್ ನನ್ನದು. ನನ್ನ ಮರ್ಯಾದೆ ಹೇಗೆ ಕಂತುಕಂತಾಗಿ ಹೋಯಿತು, ಕೇಳಿ.

ಪಲ್ಪರ್ ಮನೆ

ನಮ್ಮ ಪ್ರಾಕ್ಟೀಸು ಗಿಟಾರಿನವನ ಅಪ್ಪನ ಎಸ್ಟೇಟಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ. ಕೊಯ್ಲು ಮುಗಿದ ಮೇಲೆ ಅದು ಖಾಲಿ. ಒಂದು ಮಧ್ಯಾಹ್ನ ನಾನು ಮೈಮರೆತು ಬಾರಿಸುತ್ತಿದ್ದೆ, ಹಾಡುವವನು ಗಂಟಲು ಹರಿದುಕೊಳ್ಳುತ್ತಿದ್ದ. ಹೊರಗೆ ಸಾಹುಕಾರರು, ಅಂದರೆ ಗಿಟಾರಿನವನ ಅಪ್ಪ, ಎಸ್ಟೇಟಿನ ಲೆಕ್ಕ ನೋಡುವ ರೈಟರನ್ನು ಹಿಡಿದು ಬೈಯುತ್ತಿದ್ದರು: "ಕೊಯ್ಲು ಮುಗಿದ ಮೇಲೂ ಪಲ್ಪರ್ ಯಾಕ್ರೀ ಓಡಿಸ್ತಿದ್ದೀರಿ? ಅದೂ ಎಣ್ಣೆ ಹಾಕ್ದೆ!"

ಪೆಟ್ಟಿಗೆ

ಕೆಲವು ವರ್ಷ ಕಳೆದು ಗಿಟಾರಿನವನು ಬೆಂಗಳೂರಿಗೆ ಹೋಗಿಬಂದ. ತಲೆಗೂದಲು ಕತ್ತರಿಸಿದ್ದ, ಬಗಲಲ್ಲಿ ಕೀಬೋರ್ಡು, ಜೊತೆಗೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ.

"ಇನ್ಮೇಲೆ ಗಲಾಟೆ ಇಲ್ಲ. ನಮ್ದು ವಾತಾವರಣದ ಸಂಗೀತ," ಅಂದ.

"ವಾತಾವರಣ ಹೊರಗೇ ಇದೆಯಲ್ಲೋ, ಪುಕ್ಕಟೆ! ನನ್ನ ಡ್ರಮ್ಸ್ ಏನಾಗುತ್ತೆ?"

"ಅದನ್ನ ಈ ಪೆಟ್ಟಿಗೆ ಬಾರಿಸುತ್ತೆ. ನೀನೂ ಬ್ಯಾಂಡಲ್ಲೇ ಇರ್ತೀಯ ಮಾರಾಯ. ಬಾರಿಸೋದು ಬೇಡ, ಅಷ್ಟೆ."

ಮೈಯೆಲ್ಲ ಉರಿದುಹೋಯಿತು. ಕೈಗೆ ಬೊಬ್ಬೆ ಬರಿಸಿಕೊಂಡು ಕಲಿತವನು ನಾನು! ಏನೇ ಆಗಲಿ, ಸ್ಟೇಜ್ ಮಾತ್ರ ಬಿಡಬಾರದು ಎಂದು ಹಟ ಹಿಡಿದೆ. ಹಾಡುವವನಿಗಾದರೂ ಕೆಲಸ ಉಳಿದಿತ್ತು: ಮೈಕಿನ ಮುಂದೆ ಉಸಿರು ಬಿಡೋದು.

ಮಂಜಿನ ಸದ್ದು

ಆಮೇಲೆ ಗಿಟಾರಿನವನು ಬಾಬಾಬುಡನ್‌ಗಿರಿಗೆ ಹೋಗಿ ಮಂಜಿನ ಸದ್ದು ರೆಕಾರ್ಡ್ ಮಾಡಬೇಕು ಅಂದ. ಮಂಜಿಗೆಂಥ ಸದ್ದು ಅಂತ ಕೇಳಿದರೆ, "ನಿಂಗೆ ಅರ್ಥ ಆಗಲ್ಲ" ಅಂದ. ಜೀಪಿನಲ್ಲಿ ಹೋಗಿ, ಮೈಕ್ ಹಿಡಿದುಕೊಂಡು ಬೆಳಗಿನಿಂದ ಸಂಜೆಯವರೆಗೆ ಚಳಿಯಲ್ಲಿ ನಡುಗಿದೆವು. ಸಿಕ್ಕಿದ್ದು ನನ್ನ ಸೀನು ಒಂದೇ. ಮಹಾನುಭಾವ ಅದನ್ನೇ ಎಳೆದು, ಹಿಗ್ಗಿಸಿ, ಹಾಡಿನುದ್ದಕ್ಕೂ ಸೇರಿಸಿದ. ಡ್ರಮ್ಸಿನವನ ಪಾಲು ಅಂದರೆ ಇಷ್ಟೇ. ನನ್ನ ಅಮ್ಮ ಭಕ್ತಿಯಿಂದ ಕ್ಯಾಸೆಟ್ ಪೂರ್ತಿ ಕೇಳಿ ಎದ್ದರು. "ಶುಂಠಿ ಕಷಾಯ ಮಾಡ್ಲೇನೋ?"

ಕ್ಲಬ್ಬಿನಲ್ಲಿ

ಕೊನೆಗೆ ಚಿಕ್ಕಮಗಳೂರಿನ ಒಂದು ಕ್ಲಬ್ಬಿನಲ್ಲಿ ಕಾರ್ಯಕ್ರಮ ಸಿಕ್ಕಿತು. ಇಲ್ಲಾದರೂ ಸ್ಟೇಜ್ ಹತ್ತುತ್ತೇನೆ ಅಂದುಕೊಂಡಿದ್ದೆ. ಗಿಟಾರಿನವನು, "ಕರೆಂಟ್ ಹೋದ್ರೆ ಜನರೇಟರ್ ಸ್ಟಾರ್ಟ್ ಮಾಡು" ಎಂದು ನನ್ನನ್ನು ಹಿತ್ತಲಿಗೆ ಅಟ್ಟಿದ.

ಒಳಗೆ ಗುಂಯ್ ಎಂಬ ಒಂದೇ ಸ್ವರ. ಪ್ಲಾಂಟರುಗಳೆಲ್ಲ ತೂಕಡಿಸುತ್ತಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ನಾನು ಹೊಟ್ಟೆಯ ಸಿಟ್ಟನ್ನೆಲ್ಲ ಕೈಗೆ ತಂದು ಹಳೇ ಜನರೇಟರಿನ ಹಗ್ಗ ಎಳೆದೆ. ಡುಗುಡುಗು, ಡುಗುಡುಗು! ಕಿಟಕಿ ಗಾಜುಗಳು ಅದುರಿದವು. ಆದರೆ ಆ ರಭಸದಲ್ಲಿ ಲೈನನ್ನು ಜನರೇಟರಿಗೆ ಬದಲಾಯಿಸುವ ಸ್ವಿಚ್ ಹಾಕೋದನ್ನೇ ಮರೆತೆ. ಒಳಗೆಲ್ಲ ಕತ್ತಲೆ. ಜನ ಇದೂ ಒಂದು ಹಾಡು ಅಂದುಕೊಂಡು ಎಚ್ಚರಾಗಿ ಕಾಲು ಕುಟ್ಟಿದರು, ಸಿಳ್ಳೆ ಹೊಡೆದರು. ಕರೆಂಟ್ ಬಂತು, ನಾನು ನಿಲ್ಲಿಸಿದೆ. ಒಳಗೆ ಚಪ್ಪಾಳೆಯೋ ಚಪ್ಪಾಳೆ! ಕಿಟಕಿಯಲ್ಲಿ ಇಣುಕಿದರೆ, ಗಿಟಾರಿನವನು ನಾಚಿಕೆಯಿಲ್ಲದೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಹಿರಿಯ ಪ್ಲಾಂಟರೊಬ್ಬರು ಅವನ ಕೈ ಕುಲುಕಿ, "ಕೊನೇದೊಂದು ಚೆನ್ನಾಗಿತ್ತಪ್ಪ. ತಾಳ ಅಂದ್ರೆ ಅದು," ಅಂದರು.

ಅವನು ಹಿತ್ತಲಿಗೆ ಓಡಿಬಂದು ನನ್ನನ್ನು ತಬ್ಬಿಕೊಂಡ. "ಮಾರಾಯ, ಮುಂದಿನ ಸಲ ನೀನು ಸ್ಟೇಜ್ ಮೇಲೇ ಇರ್ಬೇಕು!"

ನನಗೆ ಕಣ್ಣು ತುಂಬಿ ಬಂತು. "ಹಾಗಾದ್ರೆ ಡ್ರಮ್ಸ್ ತರ್ಲಾ?"

"ಡ್ರಮ್ಸ್ ಯಾಕೋ? ಜನರೇಟರ್ ತಗೊಂಡ್ ಬಾ."