ಕರ್ಚೀಫಿನ ಗಂಟು

ತಲೆನೋವು ಅಂತ ಒಪ್ಪಿಕೊಳ್ಳುವವರು ಬೇಕಾದಷ್ಟು ಜನ ಸಿಗುತ್ತಾರೆ. ತಲೆಯೇ ಸರಿಯಿಲ್ಲ ಅಂತ ಒಪ್ಪಿಕೊಂಡವನನ್ನು ನಾನಂತೂ ಕಂಡಿಲ್ಲ. ನಾನೂ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಮನೆ ಶಿವಮೊಗ್ಗದಲ್ಲಿ, ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನನ್ನ ಕೆಲಸ. ಯಾವ ಬೋಲ್ಟು ಯಾವ ಗೂಡಿನಲ್ಲಿದೆ ಅಂತ ಕಣ್ಣುಮುಚ್ಚಿ ಹೇಳಬಲ್ಲೆ. ಅಂಥವನ ತೋಳಿಗೆ ಶಿವಮೊಗ್ಗದ ನಮ್ಮ ಡಾಕ್ಟರು ಪಟ್ಟಿ ಸುತ್ತಿ, ಗಾಳಿ ಒತ್ತಿ, ಪಾದರಸ ಏರಿದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಪ್ರೆಶರು ಹೀಗೇ ಇದ್ದರೆ ಮಿದುಳಿನ ಸಣ್ಣ ರಕ್ತನಾಳಗಳು ಸೋಲುತ್ತವಂತೆ, ಗಮನ ತಪ್ಪುತ್ತದಂತೆ, ಮರೆವು ಬರುತ್ತದಂತೆ. ಉಪ್ಪು ಕಡಿಮೆ ಮಾಡಿ ಅಂದರು, ಸರ್ಪಗಂಧದ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದೆ, ಉಪ್ಪಿನಕಾಯಿಯನ್ನೂ ನುಂಗಿದೆ. ಮರೆವಿನ ಮಾತನ್ನು ಮಾತ್ರ ಡಾಕ್ಟರ ಮನೆ ಬಾಗಿಲಲ್ಲೇ ಬಿಟ್ಟು ಬಂದೆ.

ಆಗ ಮಗಳ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಹುಡುಗಿಯನ್ನು ಹಸೆಗೆ ಕರೆತರುವವನು ಸೋದರಮಾವ. ಅಂದರೆ ನನ್ನ ಹೆಂಡತಿಯ ತಮ್ಮ, ಭದ್ರಾವತಿಯ ಕ್ವಾರ್ಟರ್ಸಿನಲ್ಲಿದ್ದವನು. ಅವನಿಗೂ ನನಗೂ ಒಂದು ವರ್ಷದಿಂದ ಮಾತಿರಲಿಲ್ಲ. ನೆಂಟರೆಲ್ಲ ಕೂತ ಪಂಕ್ತಿಯಲ್ಲಿ ಅವನು ಎಸ್ಸೆಸ್ಸೆಲ್ಸಿ ನಪಾಸಾದದ್ದನ್ನು ನಾನು ಇಸವಿ ಸಮೇತ ನೆನಪಿಸಿದ್ದೆ. ನೋಡಿ, ನನ್ನ ನೆನಪಿನ ಶಕ್ತಿ ಅಂಥದ್ದು. ಈಗ ಅವನು ಬಾರದಿದ್ದರೆ ಹಸೆಮಣೆಯ ಮೇಲೆ ಮಗಳ ಮುಖ ಬಾಡುತ್ತದೆ. ಜೊತೆಗೆ ಬರ್ತೀನಿ ಅಂದಳು ಹೆಂಡತಿ. ಜಗಳ ಆಡಿದವನು ನಾನು, ಕರೆಯುವವನೂ ನಾನೇ ಅಂತ ಜಂಬ ಮಾಡಿದೆ. ಅವಳು ಕೋಟಿನ ಜೇಬಿಗೆ ಲಗ್ನಪತ್ರಿಕೆ, ಅಕ್ಷತೆ ಇಟ್ಟು, ಕರ್ಚೀಫಿನ ತುದಿಗೆ ಒಂದು ಗಂಟು ಹಾಕಿ, ಇದನ್ನು ಕಂಡಾಗ ತಮ್ಮನನ್ನು ಕರೀರಿ ಅಂದಳು.

ಶನಿವಾರ ಕೆಲಸ ಮುಗಿಸಿ ಅವನ ಮನೆಗೆ ಹೋದೆ. ಬೆವರು ಒರೆಸಲು ಕರ್ಚೀಫು ತೆಗೆದೆ, ಗಂಟು ಅಡ್ಡ ಬಂತು. ಬಟ್ಟೆಯನ್ನು ಹೀಗಾ ಮಡಿಸೋದು ಅಂತ ಗೊಣಗಿಕೊಂಡು ಬಿಚ್ಚಿದೆ. ಬಿಸಿ ಕಾಫಿ ಬಂತು, ಮಾತು ಹತ್ತಿತು. ಗಂಡಿನ ಮನೆತನ, ಛತ್ರ, ಅಡುಗೆಯವರು, ಎಲ್ಲವನ್ನೂ ವಿವರವಾಗಿ ಹೇಳಿ, ಒಂದು ಚೀಟಿಯ ಹಂಗಿಲ್ಲದೆ ಎಲ್ಲಾ ತಲೆಯಲ್ಲೇ ಇಟ್ಟಿದ್ದೀನಿ ಅಂತ ಸೇರಿಸಿ, ಎದ್ದು ಸಂಜೆಯ ರೈಲು ಹಿಡಿದೆ.

ಮನೆಯಲ್ಲಿ ಹೆಂಡತಿ ಕೋಟಿನ ಜೇಬಿಗೆ ಕೈ ಹಾಕಿದಳು. ಪತ್ರಿಕೆ ಅಲ್ಲೇ ಇತ್ತು, ಅಕ್ಷತೆಯೂ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಗೋಡೆಗೆ ಒರಗಿ ಅತ್ತಳು. ಆಗ ನನಗೆ ನಿಜವಾಗಿ ಭಯವಾಯಿತು.

ಭಾನುವಾರ ಬೆಳಿಗ್ಗೆಯೇ ಇಬ್ಬರೂ ಹೋದೆವು. ಭಾವಮೈದುನ ಬಾಗಿಲಲ್ಲೇ ನಿಂತ.

"ಭಾವ, ಮದುವೆ ಸುದ್ದಿಯೆಲ್ಲಾ ಹೇಳಿ ಕರೆಯದೆ ಎದ್ದು ಹೋದ್ರಿ. ನಾನು ಬೇಡ ಅಂತ ತೋರಿಸೋಕೇ ಬಂದಿದ್ರಿ ಅಂದ್ಕೊಂಡೆ."

"ಇಲ್ಲ ಮಾರಾಯ. ನನಗೆ ಪ್ರೆಶರು. ಮರೆತುಬಿಟ್ಟೆ," ಅಂದೆ. ಆ ಮಾತು ಬಾಯಿಂದ ಹೊರಡುವಾಗ ಉಪ್ಪಿಲ್ಲದ ಹುಳಿಗಿಂತ ಕಷ್ಟವಾಯಿತು.

ಅವನು ಅಕ್ಷತೆಗೆ ಕೈ ಚಾಚಿದ. "ಹಾಗಾದ್ರೆ ನನ್ನ ನಪಾಸೂ ಮರೆತಿರಬೇಕಲ್ಲ?"

ಮರೆತೇಹೋಯಿತು ಅಂದೆ. ಇಸವಿ ನಾಲಿಗೆಯ ತುದಿಯಲ್ಲೇ ಇತ್ತು. ಹೆಂಡತಿ ನನ್ನ ಕಡೆ ನೋಡುತ್ತಿದ್ದಳು, ನುಂಗಿಕೊಂಡೆ.

ಮದುವೆ ಚೆನ್ನಾಗಿ ಆಯಿತು. ಮಗಳ ಕೈ ಹಿಡಿದು ಹಸೆಗೆ ಕರೆತಂದವನು ಅವನೇ. ಈಗ ಉಪ್ಪಿನಕಾಯಿ ಜಾಡಿ ಅಟ್ಟ ಹತ್ತಿದೆ, ನನ್ನ ತಲೆ ಮೊದಲಿಗಿಂತ ಚುರುಕಾಗಿದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಇವತ್ತು ಬೆಳಿಗ್ಗೆಯೂ ಅವಳು ಕರ್ಚೀಫಿಗೆ ಗಂಟು ಹಾಕಿ ಕಳಿಸಿದ್ದಾಳೆ. ಈ ಸಲ ಬಿಚ್ಚಿಲ್ಲ, ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಯಾತಕ್ಕೆ ಹಾಕಿದ್ದು ಅನ್ನುವುದನ್ನು ಸಂಜೆ ಮನೆಗೆ ಹೋಗಿ ಅವಳನ್ನೇ ಕೇಳಿದರಾಯಿತು.