ಸೀಕಾದವರು ಖುದ್ದು ಹಾಜರಾಗಬೇಕು

ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಸೀಕು ಬಂದಾಗಲೆಲ್ಲ ಹೀಗೇ ಏನಾದರೊಂದು ಆಗುತ್ತದೆ. ಕೇಳಿದವರು ನಗುತ್ತಾರೆ, ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಶಾಲೆ ಇರುವುದು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ. ನಾನು ವಿಜ್ಞಾನ ಹೇಳಿಕೊಡುವವಳು, ಬಾಯಿ ಸ್ವಲ್ಪ ಜೋರು. ಹೆಡ್‌ಮಾಸ್ತರು ಹಾವೇರಿ ಕಡೆಯವರು. ಕೆಟ್ಟವರೇನಲ್ಲ, ಆದರೆ ಆಫೀಸಿನ ಹೊರಗಿನ ಹಲಗೆಯ ಮೇಲೆ ಹಾಜರಿ ಪೂರ್ತಿ ಕಾಣದಿದ್ದರೆ ಅವರಿಗೆ ಚಾ ಇಳಿಯುವುದಿಲ್ಲ. ಮಕ್ಕಳು ಜ್ವರ ಅಂತ ಚೀಟಿ ಕಳಿಸಿ ಮನೆಯಲ್ಲಿ ಅಡಕೆ ಸುಲಿಯುತ್ತಾರೆ ಅಂತ ಅವರಿಗೆ ಗುಮಾನಿ. ಅದಕ್ಕೇ ಒಂದು ಕಾನೂನು ಮಾಡಿದರು. ಸೀಕಾದ ಮಗು ರಜಾ ಚೀಟಿಯನ್ನು ಖುದ್ದಾಗಿ ತರಬೇಕು. ಮೊದಲು ಕ್ಲಾಸ್ ಟೀಚರಿಗೆ, ಆಮೇಲೆ ಹೆಡ್‌ಮಾಸ್ತರಿಗೆ ಮುಖ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಅಷ್ಟಾದ ಮೇಲೆ ಹಾಜರಿ ಹಾಕಿಸಿಕೊಂಡು ಮನೆಗೆ ಹೋಗಿ ಮಲಗಬಹುದು. ಎಂಥ ಉಪಕಾರ ನೋಡಿ.

ಏಳನೇ ಕ್ಲಾಸಿನ ಟೀಚರ್ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸುರಿ. ಸೀಕಿನ ಮಕ್ಕಳ ಹತ್ತಿರ ಹೋಗಲೇಬೇಡ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದರು. ಈ ಕಾನೂನಿನಿಂದ ಸೀಕೇ ಹುಡುಕಿಕೊಂಡು ಅವಳ ಮೇಜಿಗೆ ಬರುತ್ತಿತ್ತು. ಅವಳು ರಜೆ ಕೇಳಿದರೆ ಹೆಡ್‌ಮಾಸ್ತರು, "ಹಾಜರಿ ನೋಡ್ರಿ, ಪೂರ್ತಿ ಐತಿ. ನಮ್ಮ ಸಾಲ್ಯಾಗ ಸೀಕು ಎಲ್ಲೈತಿ?" ಅಂದರು. ಅವತ್ತಿನಿಂದ ನಾನೇ ಅವಳ ಬಾಗಿಲಿಗೆ ಅಡ್ಡ ನಿಂತು ಅವಳ ಪರವಾಗಿ ಸಹಿ ಹಾಕತೊಡಗಿದೆ.

ಕೆಂಗಣ್ಣು

ಮಳೆಗಾಲದಲ್ಲಿ ಕೆಂಗಣ್ಣು ಬಂತು. ಆಫೀಸಿನ ಎದುರು ಕಣ್ಣುಜ್ಜಿಕೊಳ್ಳುವ ಮಕ್ಕಳ ಸಾಲು. ಮೇಜಿಗೆ ದಾರ ಕಟ್ಟಿದ ಒಂದೇ ಪೆನ್ನು, ಎಲ್ಲರೂ ಅದರಲ್ಲೇ ಹೆಸರು ಬರೆಯಬೇಕು.

"ಯಾರೂ ಯಾರ ಕಣ್ಣಾಗೂ ನೋಡಬ್ಯಾಡ್ರಿ" ಅಂತ ಹೆಡ್‌ಮಾಸ್ತರು ಮಕ್ಕಳಿಗೆ ಹೇಳುತ್ತಿದ್ದರು.

"ಸರ್, ಇದು ನೋಡಿದರೆ ಬರೋದಲ್ಲ, ಮುಟ್ಟಿದರೆ ಬರೋದು. ಮೊದಲು ಆ ಪೆನ್ನು ಎತ್ತಿಡಿ" ಅಂದೆ.

"ಪೆನ್ನಿಗೇನು ಕಣ್ಣದಾವೇನ್ರೀ?" ಅಂದರು.

ಮೂರನೇ ದಿನ ಅವರೇ ಬರಲಿಲ್ಲ. ಫೋನ್ ಮಾಡಿ, ಕಣ್ಣು ಕೆಂಪಾಗಿದೆ, ರಜೆ ಬರೆದುಕೊಳ್ಳಿ ಅಂದರು. ನಾನು ಬಿಡುತ್ತೇನೆಯೇ? "ಖುದ್ದು ಬಂದು ಮುಖ ತೋರಿಸಬೇಕಲ್ಲ ಸರ್?" ಅಂತ ಕೇಳಿದೆ.

"ಏನ್ ಮಾತಾಡ್ತೀರಿ? ನಾ ಬಂದ್ರ ಮಂದಿಗೆ ಹತ್ತೂದಿಲ್ಲೇನ್ರೀ?"

ಬಂಗಾರದ ಸರ

ಆಮೇಲೆ ಮಂಗಬಾವು. ಐದನೇ ಕ್ಲಾಸಿನ ಒಬ್ಬಳು ಎರಡೂ ಕೆನ್ನೆ ಊದಿಸಿಕೊಂಡು ಅಜ್ಜಿಯ ಜೊತೆ ಬಂದಳು. ಕೊರಳಲ್ಲಿ ಅಜ್ಜಿಯ ಬಂಗಾರದ ಸರ. ಮಂಗಬಾವಿಗೆ ಬಂಗಾರ ಹಾಕಿದರೆ ಇಳಿಯುತ್ತದೆ ಅಂತ ನಮ್ಮ ಕಡೆ ನಂಬಿಕೆ.

"ಮಗುವನ್ನು ಮನೆಗೆ ಕಳಿಸಿ ಸರ್, ಇದು ಹರಡುತ್ತದೆ" ಅಂದೆ. ಹೆಡ್‌ಮಾಸ್ತರು ತಲೆಯೆತ್ತಲಿಲ್ಲ. "ಕುಂತು ಪಾಠ ಕೇಳಾಕ ಗಲ್ಲ ಯಾಕ ಬೇಕ್ರಿ?" ಅಂದರು.

ಅಷ್ಟರಲ್ಲಿ ಅಜ್ಜಿ, "ಬಾವು ಇಳಿಯ ತನಕ ಸರ ತೆಗೆಯಡ ಹೇಳಿ ಕೂಸಿಗೆ ಹೇಳಿದ್ದಿ" ಅಂದಳು. ಆಗ ಹೆಡ್‌ಮಾಸ್ತರು ತಲೆಯೆತ್ತಿ ಸರ ನೋಡಿದರು, ಕುರ್ಚಿಯಿಂದಲೇ ಎದ್ದರು.

"ಖರೇ ಬಂಗಾರ ಏನಬೇ? ಕಳದ್ರ ಯಾರು ಜವಾಬ್ದಾರಿ? ಈಗಿಂದೀಗ ಮನೀಗೆ ಕರಕೊಂಡು ಹೋಗು. ಎಂಟು ದಿನ ಈ ಕಡೆ ಬರಬ್ಯಾಡ್ರಿ."

ಮರುದಿನ ಆ ಕ್ಲಾಸಿಗೆ ಹೋಗಿ, ಯಾರಿಗಾದರೂ ಕೆನ್ನೆ ಊದಿದರೆ ಮನೆಯಲ್ಲಿದ್ದ ಸರವನ್ನೆಲ್ಲ ಹಾಕಿಕೊಂಡು ಬನ್ನಿ ಅಂತ ನಾನೇ ಹೇಳಿಬಂದೆ.

ಸೂಚನಾ ಪುಸ್ತಕ

ಕೊನೆಗೆ ಬಂತು ಸೀತಾಳೆ ಸಿಡುಬು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೈತುಂಬ ಗುಳ್ಳೆ ಎದ್ದು, ಕೈಯಲ್ಲಿ ಚೀಟಿ ಹಿಡಿದು, ತನ್ನ ಟೀಚರನ್ನೇ ಹುಡುಕಿಕೊಂಡು ಜಗಲಿ ಹತ್ತುತ್ತಿದ್ದಳು. ಆ ಬಸುರಿಗೆ ಚಿಕ್ಕಂದಿನಲ್ಲಿ ಇದು ಬಂದಿರಲಿಲ್ಲ. ಈಗ ಬಂದರೆ ತಾಯಿಗೂ ಅಪಾಯ, ಕೂಸಿಗೂ ಅಪಾಯ. ಹುಡುಗಿಯನ್ನು ತಡೆದು ಸೀದಾ ಹೆಡ್‌ಮಾಸ್ತರ ಮುಂದೆ ನಿಲ್ಲಿಸಿದೆ.

"ಇದನ್ಯಾಕ ಇಲ್ಲಿ ತಂದ್ರಿ? ನನಗಿನ್ನೂ ಬಂದಿಲ್ರೀ ಇದು" ಅಂತ ಅವರು ಕಪಾಟಿನ ಮೂಲೆಗೆ ಸರಿದರು.

"ನಾನು ತಂದಿಲ್ಲ, ನಿಮ್ಮ ಕಾನೂನು ತಂದಿದ್ದು. ಆ ಟೀಚರಿಗೆ ರಜೆ ಕೊಡಿ, ಕಾನೂನು ತೆಗೆಯಿರಿ. ಅಲ್ಲಿಯ ತನಕ ನಾವಿಬ್ಬರೂ ಇಲ್ಲಿಂದ ಕದಲುವುದಿಲ್ಲ" ಅಂದೆ.

ಓದದೆಯೇ ರಜೆಗೆ ಸಹಿ ಹಾಕಿದರು. ಕ್ಲಾಸಿಂದ ಕ್ಲಾಸಿಗೆ ಕಳಿಸುವ ಸೂಚನಾ ಪುಸ್ತಕ ತೆಗೆದು, ಇನ್ನು ಮುಂದೆ ಸೀಕಾದ ಮಕ್ಕಳು ಶಾಲೆಗೆ ಬರಕೂಡದು ಅಂತ ಬರೆದರು. ಗೆದ್ದೆ ಅಂದುಕೊಂಡು, ಹುಡುಗಿಯನ್ನು ಆಫೀಸಿನ ಬಾಗಿಲಲ್ಲೇ ನಿಲ್ಲಿಸಿ, ಹೊರಗೆ ಸ್ಕೂಟರಿನಲ್ಲಿ ಕಾಯುತ್ತಿದ್ದ ಅವಳ ಅಪ್ಪನನ್ನು ಕರೆಯಲು ಗೇಟಿನ ತನಕ ಹೋದೆ.

ಅಪ್ಪನ ಜೊತೆ ವಾಪಸ್ ಬರುತ್ತ ನೋಡುತ್ತೇನೆ, ಹುಡುಗಿ ಸೂಚನಾ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಏಳನೇ ಕ್ಲಾಸಿನ ಹೊಸ್ತಿಲ ಹತ್ತಿರ ಹೋಗಿದ್ದಾಳೆ. ಈ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ ಓಡಿದೆ. ಪುಸ್ತಕ ಕಸಿದುಕೊಂಡೆ. ಹುಡುಗಿಯನ್ನು ಅಪ್ಪನ ಸ್ಕೂಟರಿಗೆ ಹತ್ತಿಸಿ ಕಳಿಸಿದೆ. ಒಳಗಿದ್ದ ಟೀಚರಿಗೆ ಬಾಗಿಲಾಚೆಯಿಂದಲೇ, ಚೀಲ ಎತ್ತಿಕೊಂಡು ಮನೆಗೆ ಹೊರಡು, ನಿನಗೆ ರಜೆ ಸಿಕ್ಕಿದೆ ಅಂದೆ.

ಆಮೇಲೆ ಆಫೀಸಿಗೆ ನುಗ್ಗಿ ಆ ಪುಸ್ತಕವನ್ನು ಮೇಜಿನ ಮೇಲೆ ಒಗೆದೆ. "ಶಾಲೆಯಲ್ಲಿ ಇಷ್ಟು ಮಕ್ಕಳಿರುವಾಗ ಇದನ್ನು ಆ ಹುಡುಗಿಯ ಕೈಯಲ್ಲೇ ಯಾಕೆ ಕಳಿಸಿದಿರಿ ಸರ್?" ಅಂತ ಕೇಳಿದೆ.

ಹೆಡ್‌ಮಾಸ್ತರಿಗೆ ಬೇಸರವಾಯಿತು. "ನಿಮಗ ಏನು ಮಾಡಿದ್ರೂ ತಪ್ಪ ಕಾಣಸ್ತೈತಿ ನೋಡ್ರಿ" ಅಂದರು. "ಆ ಟೀಚರ್ ಬಸುರಿ ಅದಾರ. ಇನ್ನ ಮ್ಯಾಲೆ ಸೀಕಿನ ಮಕ್ಕಳು ಎದುರಿಗೆ ಬರೂದಿಲ್ಲ ಅನ್ನೂದು ಎಲ್ಲಾರಕಿಂತ ಮೊದಲು ಅವರಿಗೇ ಗೊತ್ತಾಗಲಿ ಅಂತ, ಕೈಗೆ ಸಿಕ್ಕಾಕೀನ್ನ ಕಳಿಸಿದ್ನಿ."