ನಮ್ಮ ಗೋಡೆಯ ಮೇಲಿನ ನರಿ

ಮಂಗಸೂಳಿ ಮಲ್ಲಯ್ಯನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಬರೆಯಲು ಕೂತಿದ್ದೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇರೆಯವರ ಬದುಕಿನಲ್ಲಿ ವರ್ಷಕ್ಕೊಮ್ಮೆ ನಡೆಯುವಂಥದ್ದು ನನ್ನ ಬದುಕಿನಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ಅದರಲ್ಲೂ ನರಿಯ ವಿಷಯ ಬಂತೆಂದರೆ ಇನ್ನೂ ಬೇಗ.

ಕಾರಣ ನಮ್ಮ ಪಡಸಾಲೆಯ ಗೋಡೆ. ಮೇಲೆ, ಜಂತಿಗೆ ತಾಗುವಂತೆ, ಅಲ್ಲೊಂದು ನರಿಯ ಚರ್ಮ ತೂಗುತ್ತಿದೆ. ನಮ್ಮಜ್ಜ ಕೃಷ್ಣಾ ಹೊಳೆಯ ದಂಡೆಯ ಕಬ್ಬಿನಲ್ಲಿ ಬಡಿಗೆಯಿಂದ ಹೊಡೆದ ನರಿ. ಆಗಿನ ಕಾಲ ಬೇರೆ, ಕಾಯ್ದೆ ಬೇರೆ. ನಾನು ಈ ಕಥೆ ಹೇಳಲು ಶುರು ಮಾಡಿದಾಗ ನರಿ ಒಂದೇ ಇತ್ತು, ಕೈಯಲ್ಲಿ ಬಡಿಗೆಯೂ ಇತ್ತು. ಈಗ ನರಿಗಳು ಏಳಾಗಿವೆ, ಬಡಿಗೆ ಹೋಗಿ ಬರಿಗೈ ಆಗಿದೆ. ಅಜ್ಜನ ಆಸ್ತಿ ಬೆಳೆಸುವುದು ಮೊಮ್ಮಗನ ಧರ್ಮ. ಹೊಲ ಬೆಳೆಸಲಾಗಲಿಲ್ಲ, ಇದನ್ನಾದರೂ ಬೆಳೆಸಿದೆ. ಐನಾಪುರದ ಸಂತೆಯಲ್ಲಿ ನನಗೆ 'ನರಿ ಕಾಕಾ' ಎಂದೇ ಹೆಸರು. ಆ ಚರ್ಮ ಗೋಡೆಯಿಂದ ಇಳಿಯಿತೆಂದರೆ ನಾನೂ ಇಳಿದಂತೆ.

ನಮ್ಮಾಕಿ ಮಾತ್ರ ದೀಪಾವಳಿಗೊಮ್ಮೆ ತಪ್ಪದೆ ಕೇಳುತ್ತಾಳೆ, "ಅದನ್ನ ಯಾಕ ಇಟ್ಟೀರಿ? ತಗದ ಒಗೀರಿ ಇನ್ನ."

"ಅದನ್ನ ತಗದರ ಈ ಮನ್ಯಾಗ ನೋಡೂವಂಥಾದ್ದ ಏನ ಉಳೀತೈತಿ?" ಅನ್ನುತ್ತೇನೆ.

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ಅದೂ ಖರೇನ" ಎಂದು ಒಳಗೆ ಹೋಗುತ್ತಾಳೆ.

ಗುಡುಗಿನ ಡಬ್ಬಿ

ನಮ್ಮ ತೋಟದ ದ್ರಾಕ್ಷಿಗೆ ಸಿಹಿ ಏರಿತೆಂದರೆ ನರಿಗಳಿಗೆ ಯಾರು ಹೇಳುತ್ತಾರೋ ಗೊತ್ತಿಲ್ಲ. ಕೆಳಗಿನ ಗೊನೆಗಳನ್ನು ತಿಂದುಹೋಗಲಿ ಅಂದರೆ, ಡ್ರಿಪ್ ಪೈಪನ್ನೂ ಕಡಿದಿಡುತ್ತವೆ. ಊಟದ ಮೇಲೆ ನೀರು ಬೇಕಲ್ಲ. ಕಾಯಿಪಲ್ಲೆ ಮಾರುವವರ ಗಾಡಿಯ ಮೇಲೆ ಒಂದೇ ಮಾತನ್ನು ತಿರುತಿರುಗಿ ಒದರುವ ಸ್ಪೀಕರ್ ಇರುತ್ತದಲ್ಲ, ಅಂಥದ್ದೊಂದನ್ನು ಚಿಕ್ಕೋಡಿಯಿಂದ ತಂದೆ. ಹಿತ್ತಲಲ್ಲಿ ನಿಂತು, ಎದೆ ಉಬ್ಬಿಸಿ, "ಯಾರಲೇ ಅದು? ಏಳು ನರಿ ಹೊಡದಾವನ ಮೊಮ್ಮಗ ಬಂದೀನಿ" ಎಂದು ನನ್ನ ಗುಡುಗನ್ನು ತುಂಬಿಸಿದೆ. ಸಂಜೆ ತೋಟದಲ್ಲಿ ಕಟ್ಟಿ ಬಂದೆ.

ಬೆಳಿಗ್ಗೆ ನೋಡಿದರೆ ದಿನಕ್ಕಿಂತ ಎರಡು ಸಾಲು ಹೆಚ್ಚಿಗೆ ಖಾಲಿ.

ಬಾಜೂ ತೋಟದ ಅಣ್ಣಾರು ಬದುವಿನ ಮೇಲೆ ನಿಂತು ಕೇಳಿದರು, "ಕಾಕಾ, ನಿಮ್ಮ ಡಬ್ಬಿ ಒದರೂದನ್ನ ಪೂರಾ ಕೇಳೀರೇನ್ರಿ?"

ಕೂತು ಕೇಳಿದೆ. ನನ್ನ ಗುಡುಗು ಮುಗಿಯಿತು. ಗುಂಡಿ ಬಂದ್ ಮಾಡುವುದನ್ನು ನಾನು ಮರೆತಿದ್ದೆ. ಅದರ ಬೆನ್ನಿಗೇ ಅಡುಗೆಮನೆಯಿಂದ ನಮ್ಮಾಕಿಯ ದನಿ: "ಸಾಕ ಬರ್ರಿ, ಎಲ್ಲಾ ತಯಾರ ಐತಿ, ಬಿಸೀದ ಐತಿ, ಉಣ್ಣಾಕ ಕುಂದರ್ರಿ."

ಅಣ್ಣಾರು ಗೊನೆಗಳಿಲ್ಲದ ಬಳ್ಳಿ ನೋಡುತ್ತ ಅಂದರು, "ನರೀದ ಏನ ತಪ್ಪೈತ್ರಿ? ಮನಿ ಹೆಣ್ಮಗಳು ಇಷ್ಟ ಮರ್ಯಾದಿಲೆ ಕರದರ ಯಾರ ಒಲ್ಲೆ ಅಂತಾರ?"

ಬಿಟ್ಟ ದಾರಿ

ಈ ಅಣ್ಣಾರು ಜೈನರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ಇರುವೆ ಸಾಲು ಕಂಡರೂ ಸುತ್ತಿ ಹೋಗುವವರು. ಅವರ ಕಬ್ಬು ಕಟಾವಿಗೆ ಬಂತು. ಕಟಾವಿನ ಕೊನೆಗೆ ಗದ್ದೆಯ ನಡುವೆ ಒಂದು ಕೋಣೆಯಷ್ಟು ಕಬ್ಬು ಉಳಿಯುತ್ತದೆ. ಇಡೀ ಗದ್ದೆಯಲ್ಲಿದ್ದ ಜೀವಗಳೆಲ್ಲ ಅದರೊಳಗೇ ಸೇರಿರುತ್ತವೆ. ಜನ ಬಡಿಗೆ, ನಾಯಿ ಹಿಡಿದು ಸುತ್ತುಗಟ್ಟಿ ನಿಲ್ಲುವುದು ಹಳೆಯ ರೂಢಿ.

ಅಣ್ಣಾರು ಮೊದಲೇ ಹೇಳಿದರು, "ನನ್ನ ಹೊಲದಾಗ ಯಾರೂ ಬಡಿಗಿ ಎತ್ತಬಾರದು. ಮೂರ ಬಾಜೂ ನಿಂದರ್ರಿ, ಹೊಳೀ ಬಾಜೂ ದಾರಿ ಬಿಡ್ರಿ. ಅದರ ಪಾಡಿಗೆ ಅದು ಹೋಗಲಿ."

ನರಿಯ ಸಂಪೂರ್ಣ ಜ್ಞಾನ ಇದ್ದದ್ದು ಅಲ್ಲಿ ನನಗೊಬ್ಬನಿಗೇ. "ನರಿ ಭಾಳ ಶಾಣ್ಯಾ ಇರತೈತ್ರಿ. ಬಿಟ್ಟ ದಾರಿಗೆ ಅದು ಎಂದೂ ಬರೂದಿಲ್ಲ" ಎಂದು ಎಲ್ಲರಿಗೂ ತಿಳಿಹೇಳಿ, ಬಿಟ್ಟ ದಾರಿಯ ನಟ್ಟನಡುವೆ ಹೋಗಿ ನಿಂತೆ. ಇಡೀ ಗದ್ದೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಮರಾಠಿಯವ. "ಕಾಕಾ, ಬಾಜೂಲಾ ವ್ಹಾ, ಕೋಲ್ಹಾ ಆಲಾ" ಎಂದ. ಪಕ್ಕಕ್ಕೆ ಸರಿಯಿರಿ, ನರಿ ಬಂತು ಅಂತ. ಸರಿಯುವಷ್ಟರಲ್ಲಿ ಅದು ಹೊರಬಂದು ನನ್ನೆದುರು ನಿಂತಿತು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಇಬ್ಬರಲ್ಲಿ ಒಬ್ಬರು ಓಡಲೇಬೇಕಿತ್ತು. ವಯಸ್ಸಿನಲ್ಲಿ ಹಿರಿಯ ನಾನು, ನಾನೇ ಮುಂದಾದೆ. ನನ್ನ ಹಿಂದೆ ನರಿ, ನರಿಯ ಹಿಂದೆ ಊರ ನಾಯಿಗಳು. ಹೊಳೆ ಮುಟ್ಟುವತನಕ ಮೊದಲ ನಂಬರು ನನ್ನದೇ, ಬೇಕಾದವರು ಮುಕಾದಮನನ್ನು ಕೇಳಿರಿ.

ಅಣ್ಣಾರು ಬಂದು ನನ್ನನ್ನು ಕೆಸರಿನಿಂದ ಎತ್ತುತ್ತ ಮೆಲ್ಲಗೆ ಅಂದರು, "ಕಾಕಾ, ದಾರಿ ಬಿಟ್ಟಿದ್ದು ನರಿಗ್ರಿ, ನಿಮಗಲ್ಲ."

ಮುಖವಿಲ್ಲದ ಶುಭ

ಎದ್ದ ಕೂಡಲೇ ನರಿಯ ಮುಖ ನೋಡಿದರೆ ಆ ದಿನ ಹೋದ ಕೆಲಸ ಆಗುತ್ತದೆ ಅನ್ನುತ್ತಾರಲ್ಲ. ನಮ್ಮೂರ ಹಿಟ್ಟಿನ ಗಿರಣಿಯವನಿಗೆ ಏಕಸಂಬಿಯಲ್ಲಿ ಕನ್ಯೆ ನೋಡುವುದಿತ್ತು. ಮೂಡಲು ಕೆಂಪಾಗುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತ ನಮ್ಮ ಪಡಸಾಲೆಗೆ ಬಂದ.

"ಹಾದ್ಯಾಗ ಯಾರ ಮುಖಾನೂ ನೋಡಿಲ್ರಿ ಕಾಕಾ. ಎರಡ ಸಲ ಗಟಾರದಾಗ ಬಿದ್ದೀನಿ. ತಗೀಲೇನ್ರಿ ಕಣ್ಣ?"

"ತಗಿ."

ತೆರೆದು ನೋಡಿದ. "ಮುಖ ಎಲ್ಲೈತ್ರಿ?"

ನಮ್ಮ ಚರ್ಮಕ್ಕೆ ತಲೆ ಇಲ್ಲ. ಆದರೂ ಬಾಗಿಲಿಗೆ ಬಂದವನನ್ನು ಬರಿಗೈಲಿ ಕಳಿಸುವ ಮನೆತನ ನಮ್ಮದಲ್ಲ. "ಮುಖ ಇಲ್ಲೋ ತಮ್ಮಾ, ಬೆನ್ನ ಐತಿ. ಮುಖಕ್ಕಿಂತ ಬೆನ್ನ ದೊಡ್ಡದಿರತೈತಿ, ಫಲಾನೂ ದೊಡ್ಡದ ಸಿಗತೈತಿ" ಎಂದೆ. ಅವನಿಗೂ ಹೌದೆನಿಸಿತು. ಚರ್ಮದ ಕೆಳಗೆ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಹೋದ.

ಸಂಜೆ ಬಂದು ಕಟ್ಟೆಯ ಮೇಲೆ ಕೂತ. ಏನಾಯಿತೆಂದು ಕೇಳಿದೆ.

"ನಾ ಮುಟ್ಟೂದಕ್ಕೂ, ಅವರ ಮಂದೆಲ್ಲಾ ಗಾಡಿ ಏರಿ ರಾಯಬಾಗಕ್ಕ ಮದಿವಿಗೆ ಹೊಂಡೂದಕ್ಕೂ ಒಂದ ಆತ್ರಿ. ಹುಡುಗಿದು, ಹುಡುಗಿ ಅಪ್ಪಂದು, ಅವ್ವಂದು, ಎಲ್ಲಾರದೂ ಬೆನ್ನ ಭರಪೂರ ನೋಡಿದ್ನಿ. ಮುಖ ಒಬ್ಬರದೂ ಕಾಣಲಿಲ್ರಿ."

ಊರೆಲ್ಲ ಸಾಕ್ಷಿ

ಗಿರಣಿಯವ ಆ ಫೋಟೋವನ್ನು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ. 'ನಮ್ಮ ಕಾಕಾನ ಮನೆಯ ನರಿ ಚರ್ಮ' ಎಂದು ಬರೆದು, ಕೆಳಗೆ ಎರಡು ಕೈ ಮುಗಿದಿದ್ದ. ವಾರದೊಳಗೆ ನಮ್ಮ ಬಾಗಿಲಿಗೆ ಫಾರೆಸ್ಟ್ ಗಾರ್ಡ್ ಸಾಹೇಬರ ಬೈಕು ಬಂತು.

"ಇದು ನರೀದ ಏನ್ರಿ? ನರೀದಿದ್ದರ ಮನ್ಯಾಗ ಇಟ್ಟಿದ್ದಕ್ಕ ಕೇಸ್ ಆಗತೈತಿ. ಸಾಕಿದ ಪ್ರಾಣೀದಿದ್ದರ ನನಗ ಸಂಬಂಧಿಲ್ಲ" ಎಂದರು.

ಜೀವನವಿಡೀ ನರಿ ನರಿ ಎಂದ ಬಾಯಿ ಇದು. ಅಜ್ಜನ ನೆನಪಿಗೆ ಮನಸ್ಸಿನಲ್ಲೇ ಕೈ ಮುಗಿದು ಹೇಳಿದೆ, "ನಾಯೀದ್ರಿ ಸಾಹೇಬ್ರ. ಅಜ್ಜಾ ಸಾಕಿದ್ದ ನಾಯಿ."

ಅಷ್ಟರಲ್ಲಿ ಓಣಿಯೆಲ್ಲ ಪಡಸಾಲೆಯಲ್ಲಿ ಸೇರಿತ್ತು. ಗಿರಣಿಯವ ಮುಂದೆ ಬಂದ. "ಸಾಹೇಬ್ರ, ನಮ್ಮ ಕಾಕಾ ಭಾಳ ಸಾದಾ ಮನಷ್ಯಾರ. ತಮ್ಮ ದೊಡ್ಡಸ್ತಿಕಿ ತಾವ ಎಂದೂ ಹೇಳ್ಕೊಳ್ಳಂಗಿಲ್ಲ. ನರೀದ ಐತ್ರಿ."

"ಒಂದಲ್ರಿ, ಏಳು" ಎಂದ ಕ್ಷೌರದ ಅಂಗಡಿಯವ. "ಅದೂ ಬರಿಗೈಲೆ."

ಕಣ್ಣು ಮಿಟುಕಿಸಿ ನೋಡಿದೆ, ಕೆಮ್ಮಿದೆ. ಅವರು ಅದನ್ನು ನಾಚಿಕೆ ಎಂದುಕೊಂಡರು. ಕಡೆಗೆ ಅಣ್ಣಾರ ಕಡೆ ನೋಡಿದೆ. ಅಣ್ಣಾರು ಹೇಳಿದರು, "ನಾ ಸುಳ್ಳ ಹೇಳಂಗಿಲ್ರಿ ಸಾಹೇಬ್ರ. ಕಣ್ಣಿಲೆ ನೋಡಿಲ್ಲ. ಆದರ ನರಿ ಅಂತ ಇವರ ಬಾಯಿಲೆ ದಿನಾ ಕೇಳೀನಿ."

ಸಾಹೇಬರು ಪಂಚನಾಮೆಗೆ ಕಾಗದ ತೆಗೆದರು. "ಮೊದಲ ಸಹಿ ನಂದ್ರಿ" ಎಂದು ಗಿರಣಿಯವ ಪೆನ್ನಿಗೆ ಕೈ ಚಾಚಿದ. ಇಷ್ಟು ಪ್ರೀತಿ ಮಾಡುವ ಊರಿದ್ದರೆ ವೈರಿಗಳ ಅಗತ್ಯವೇ ಇಲ್ಲ.

ಆಗ ನಮ್ಮಾಕಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದಳು. ಸ್ಟೂಲು ಹತ್ತಿ ಚರ್ಮ ಇಳಿಸಿ, ಸಾಹೇಬರ ಮುಂದೆ ಹಾಸಿದಳು.

"ಇದು ಆಡಿಂದ್ರಿ ಸಾಹೇಬ್ರ."

ಪೆನ್ನಿಗೆ ಚಾಚಿದ ಕೈಯನ್ನು ಗಿರಣಿಯವ ಹಿಂದಕ್ಕೆ ತೆಗೆದ.

"ಖರೇ ನರೀದು ಇಲಿ ತಿಂದು ಎಂದೋ ಹೋಗೈತ್ರಿ. ಆವಾಗ ಇವರು ಅಥಣಿಗೆ ತಂಗಿ ಮನಿಗೆ ಹೋಗಿದ್ರು. ಬಂದು ನೋಡಿದರ, ಅಜ್ಜಾನ ನೆನಪ ಹೋತು ಅಂತ ಉಣ್ಣೂದ ಬಿಡತಾರಂತ ಹೆದರಿ, ಮಂಗಸೂಳ್ಯಾಗ ಢೋಲ ಕಟ್ಟಾವನ ಕಡಿಂದ ಕೂದಲಾ ಸಮೇತ ಆಡಿನ ಚರ್ಮ ತಂದು ತೂಗ ಹಾಕಿದ್ನಿ. ಬಾಲ ಸೆಣಬಿಂದು, ಚಹಾದಾಗ ಅದ್ದಿ ಹೊಲದೀನಿ. ದೊಡ್ಡ ಮಗಳು ಆವಾಗ ಹೊಟ್ಟ್ಯಾಗಿದ್ಲು."

ಆ ದೊಡ್ಡ ಮಗಳಿಗೆ ಈಗ ಮದುವೆಗೆ ಬಂದ ಮಗಳಿದ್ದಾಳೆ. ಇಷ್ಟು ವರ್ಷ ಬಂದವರಿಗೆಲ್ಲ ನಾನು ಆ ಆಡನ್ನು ತೋರಿಸಿ ಏಳು ನರಿಗಳ ಕಥೆ ಹೇಳುವಾಗ, ಇವಳು ಚಹಾ ಕೊಟ್ಟು ಪಕ್ಕದಲ್ಲೇ ನಿಂತಿದ್ದಳು. ಒಂದು ದಿನವೂ ನಕ್ಕವಳಲ್ಲ.

ಸಾಹೇಬರು ಬಾಲ ಹಿಡಿದು ಎಳೆದರು, ಕೈಗೇ ಬಂತು. ಕೂದಲು ತಿರುವಿ ನೋಡಿದರು, ಮೂಸಿದರು, ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. "ಆಡ ಐತ್ರಿ. ಆರಾಮ ಇಟ್ಕೋರಿ" ಎಂದು ಎದ್ದರು. ಜನ ಒಬ್ಬೊಬ್ಬರಾಗಿ ಕರಗಿದರು. ನಾನು ಮನೆಯ ಹಿರಿಯನಿಗೆ ತಕ್ಕಂತೆ ಸಾಹೇಬರಿಗೆ ಕೈ ಮುಗಿದು, ದೇವರು ಕಾಪಾಡಿದ ಎಂದುಕೊಂಡು ಸುಮ್ಮನೆ ಕೂತುಬಿಟ್ಟೆ.

ಭಂಡಾರ ಹಚ್ಚಿಕೊಂಡ ಹಣೆ, ಹೇಳಿಬಿಡುತ್ತೇನೆ. ಇಷ್ಟೆಲ್ಲದರಲ್ಲಿ ಒಂದೇ ಒಂದು ಸಣ್ಣ ಮಾತು ನಾನು ಕಟ್ಟಿದ್ದು. ಸುಮ್ಮನೆ ಕೂತೆ ಎಂದೆನಲ್ಲ, ಕೂತಿರಲಿಲ್ಲ. ಬೈಕು ಚಾಲೂ ಮಾಡಿದ್ದ ಸಾಹೇಬರ ಹಿಂದೆ ಓಡಿಹೋಗಿ, ಹ್ಯಾಂಡಲ್ ಹಿಡಿದು ನಿಲ್ಲಿಸಿ ಕೇಳಿದ್ದೆ:

"ಸಾಹೇಬ್ರ, ಇನ್ನೊಮ್ಮಿ ಛಲೋತ್ನಂಗ ನೋಡ್ರಲ್ಲಾ. ಎಡಗಡೀ ಬಾಜೂನರ ನರೀದ ಇರಬಹುದು."